ಎಕ್ಸ್‌ಟೆನ್ಶನ್ ಟ್ಯೂಬ್‌ನಲ್ಲಿ ಹುಳ-ಹೂವಿನ ಚಿತ್ರ: ಮೊದಲ ಇರುವೆಗಿಂತ ಮುಂಚೆ ಒಂದು ಪ್ಲಾಸ್ಟಿಕ್ ಸ್ಕೇಲು

ಭಾನುವಾರ ಬೆಳಿಗ್ಗೆ ಉಡುಪಿ-ಮಣಿಪಾಲದ ಆಸುಪಾಸಿನಲ್ಲಿ ಕ್ಯಾಮೆರಾ ಹಿಡಿದು ಅಲೆಯುವ ನಮ್ಮ ಸಣ್ಣ ಗುಂಪಿಗೆ ಆಗಾಗ ಯಾರಾದರೊಬ್ಬರು, ಪುಟ್ಟ ವಸ್ತುವನ್ನು ಹತ್ತಿರದಿಂದ ದೊಡ್ಡದಾಗಿ ತೆಗೆಯಲು ಕ್ಯಾಮೆರಾ ಮತ್ತು ಲೆನ್ಸಿನ ನಡುವೆ ಸಿಕ್ಕಿಸುವ ಹೊಸ ಎಕ್ಸ್‌ಟೆನ್ಶನ್ ಟ್ಯೂಬ್ ತರುತ್ತಾರೆ. ಹತ್ತು ನಿಮಿಷ ಕಳೆದರೆ ಅದೇ ಮಾತು. "ಎಂತ ಮಾರಾಯ್ರೆ, ಎಲ್ಲ ಕಪ್ಪು ಬರ್ತದೆ." "ಫೋಕಸೇ ಆಗುದಿಲ್ಲ." "ಇರುವೆಯ ಮೀಸೆ ಒಂದು ಸರಿ ಬಂದಿದೆ, ಉಳಿದದ್ದು ಮಬ್ಬು." ತಿಂಗಳೊಳಗೆ ಟ್ಯೂಬ್ ಕಪಾಟು ಸೇರುತ್ತದೆ.

ನಾನು ಕಂಡಂತೆ ಇಷ್ಟೂ ಸೋಲಿನ ಬೇರು ಒಂದೇ: ಬಾಕ್ಸ್ ಒಡೆದ ದಿನವೇ ಮೂರೂ ಟ್ಯೂಬ್‌ಗಳನ್ನು ಒಟ್ಟಿಗೆ ಸಿಕ್ಕಿಸಿಕೊಂಡು, ಮಾವಿನ ಮರದಲ್ಲಿ ಓಡಾಡುವ ಚಗಳಿಯ (ಎಲೆ ಹೆಣೆದು ಗೂಡು ಕಟ್ಟುವ ಕೆಂಪಿರುವೆಯ) ಹಿಂದೆ ಬೀಳುವುದು. ಅದು ಕಲಿಕೆಯ ಕೊನೆಯ ಪಾಠ. ಕೆಳಗಿನ ಹಂತಗಳನ್ನು ಬರೆದ ಕ್ರಮದಲ್ಲೇ ಮಾಡಿ. ಮೊದಲ ಮೂರು ಹಂತಗಳು ಮನೆಯೊಳಗೇ ಮುಗಿಯುತ್ತವೆ.

## ಹೊರಡುವ ಮೊದಲು ಜೋಡಿಸಿಕೊಳ್ಳಬೇಕಾದದ್ದು

ಕ್ಯಾಮೆರಾ, 50 ಮಿ.ಮೀ. ಲೆನ್ಸು (ಇಲ್ಲದಿದ್ದರೆ ಕ್ಯಾಮೆರಾ ಜೊತೆ ಬಂದ 18-55), ಟ್ಯೂಬ್ ಸೆಟ್ಟು, ಮೇಲೆ ಸಿಕ್ಕಿಸುವ ಫ್ಲ್ಯಾಶ್ ಒಂದು. ಇನ್ನುಳಿದದ್ದು ಮನೆಯಲ್ಲೇ ಇದೆ: ಪ್ಲಾಸ್ಟಿಕ್ ಸ್ಕೇಲು, ಬಟರ್ ಪೇಪರ್, ನಾಲ್ಕು ಬಟ್ಟೆ ಕ್ಲಿಪ್ಪು, ಹಿಡಿಸೂಡಿಯ ಹತ್ತಾರು ಕಡ್ಡಿ, ಹಳೆಯ ಪ್ಯಾಂಟಿನ ಕಾಲು ಕತ್ತರಿಸಿ ಅಕ್ಕಿ ತುಂಬಿ ಹೊಲಿದ ಚೀಲ, ಕೂರಲು ಒಂದು ಅಡಿಕೆ ಹಾಳೆ. ಹಾಳೆಯನ್ನು ನಗೆಯಾಡಬೇಡಿ. ಒದ್ದೆ ನೆಲದಲ್ಲಿ ಮೊಣಕಾಲೂರಿ ಅರ್ಧ ಗಂಟೆ ಕೂರಲು ಅದಕ್ಕಿಂತ ಒಳ್ಳೆಯದನ್ನು ಯಾವ ಅಂಗಡಿಯೂ ಮಾರುವುದಿಲ್ಲ.

## ಹಂತ 1: ಸರಿಯಾದ ಟ್ಯೂಬ್ ಆರಿಸುವುದು

ಟ್ಯೂಬಿನೊಳಗೆ ಗಾಜಿಲ್ಲ. ಅದು ಬರೀ ಟೊಳ್ಳು ಉಂಗುರ. ಲೆನ್ಸನ್ನು, ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಸೆನ್ಸರಿನಿಂದ ದೂರ ಮಾಡುತ್ತದೆ, ಅಷ್ಟೇ. ದೂರವಾದಷ್ಟೂ ಲೆನ್ಸು ಹೆಚ್ಚು ಹತ್ತಿರದ ವಸ್ತುವನ್ನು ಸ್ಪಷ್ಟವಾಗಿ ಹಿಡಿಯುತ್ತದೆ. ಗಾಜಿಲ್ಲದ್ದರಿಂದ ಚಿತ್ರದ ಗುಣಮಟ್ಟವನ್ನು ಟ್ಯೂಬ್ ಕೆಡಿಸುವುದಿಲ್ಲ. ಆದರೆ ನಿಮ್ಮ ಲೆನ್ಸಿನಲ್ಲಿರುವ ದೋಷವನ್ನೂ ಹಿಗ್ಗಿಸಿ ತೋರಿಸುತ್ತದೆ.

ಆಯ್ಕೆಯಲ್ಲಿ ನೋಡಬೇಕಾದದ್ದು ಚಿನ್ನದ ಬಣ್ಣದ ಸಣ್ಣ ಚುಕ್ಕಿಗಳ ಸಾಲು, ಅಂದರೆ ವಿದ್ಯುತ್ ಸಂಪರ್ಕ. ಅದಿದ್ದರೆ ಕ್ಯಾಮೆರಾದಿಂದಲೇ ಅಪರ್ಚರ್, ಅಂದರೆ ಲೆನ್ಸಿನೊಳಗೆ ಬೆಳಕು ಹಾಯುವ ಕಿಂಡಿಯ ಗಾತ್ರ, ಬದಲಿಸಬಹುದು. ಇಲ್ಲದ್ದು ಕೆಲವು ನೂರು ರೂಪಾಯಿಗೆ ಸಿಗುತ್ತದೆ, ತಲೆನೋವೂ ಜೊತೆಗೇ ಬರುತ್ತದೆ. ಕೆನಾನ್ ಡಿಎಸ್‌ಎಲ್‌ಆರ್‌ನಲ್ಲಿ ಅಂಥ ಟ್ಯೂಬ್ ಹಾಕಿದರೆ ಪರದೆಯಲ್ಲಿ 'ಎಫ್00' ಎಂದು ಬರುತ್ತದೆ, ಅಪರ್ಚರ್ ಪೂರ್ತಿ ತೆರೆದೇ ಇರುತ್ತದೆ. ನಿಕಾನ್‌ನಲ್ಲಿ 'ಎಫ್--' ಬರುತ್ತದೆ. ಅಪರ್ಚರ್ ಉಂಗುರವಿಲ್ಲದ ನಿಕಾನ್ ಜಿ ಲೆನ್ಸುಗಳು ತದ್ವಿರುದ್ಧವಾಗಿ ಅತಿ ಸಣ್ಣ ಕಿಂಡಿಗೆ ಮುಚ್ಚಿಕೊಂಡು ಕೂರುತ್ತವೆ. "ಎಲ್ಲ ಕಪ್ಪು" ಎನ್ನುವವರಲ್ಲಿ ಹಲವರ ಕಥೆ ಇದೇ. ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಇನ್ನೊಂದು ತೊಡಕು: ಬಹಳಷ್ಟು ಲೆನ್ಸುಗಳ ಫೋಕಸ್ ಉಂಗುರ ವಿದ್ಯುತ್ತಿನಿಂದಲೇ ಕೆಲಸ ಮಾಡುವಂಥದ್ದು, ಸಂಪರ್ಕವಿಲ್ಲದ ಟ್ಯೂಬ್ ಹಾಕಿದರೆ ಎಷ್ಟು ತಿರುಗಿಸಿದರೂ ಒಳಗೆ ಏನೂ ಅಲುಗುವುದಿಲ್ಲ.

ಈಗಾಗಲೇ ಅಗ್ಗದ್ದನ್ನು ಕೊಂಡಿದ್ದೀರಾ? ಕೆನಾನ್ ಡಿಎಸ್‌ಎಲ್‌ಆರ್‌ನವರಿಗೆ ಒಂದು ಉಪಾಯವಿದೆ. ಟ್ಯೂಬ್ ಇಲ್ಲದೆ ಲೆನ್ಸು ಹಾಕಿ, ಕ್ಯಾಮೆರಾ ಆನ್ ಇಟ್ಟು, ಅಪರ್ಚರ್ ಎಫ್/8ಕ್ಕೆ ತನ್ನಿ (ಎಫ್ ಮುಂದಿನ ಸಂಖ್ಯೆ ಹೆಚ್ಚಿದಷ್ಟೂ ಕಿಂಡಿ ಸಣ್ಣದು). ಚಿತ್ರ ತೆಗೆಯುವ ಮೊದಲೇ ಕಿಂಡಿಯನ್ನು ಆ ಅಳತೆಗೆ ಇಳಿಸಿ ತೋರಿಸುವ ಡೆಪ್ತ್ ಆಫ್ ಫೀಲ್ಡ್ ಪ್ರಿವ್ಯೂ ಬಟನ್ ಒತ್ತಿಹಿಡಿದು, ಹಿಡಿದಂತೆಯೇ ಲೆನ್ಸು ಕಳಚಿ. ಕಿಂಡಿ ಎಫ್/8ರಲ್ಲೇ ನಿಲ್ಲುತ್ತದೆ. ಟ್ಯೂಬ್ ಸೇರಿಸಿ ನೋಡಿದರೆ ವ್ಯೂಫೈಂಡರ್ ಕತ್ತಲಾಗುತ್ತದೆ, ಅದು ಸಹಜ. ಅಪರ್ಚರ್ ಉಂಗುರವಿರುವ ಹಳೆಯ ಲೆನ್ಸು ಮನೆಯಲ್ಲಿದ್ದರೆ ಈ ಕಸರತ್ತೂ ಬೇಡ.

ಬಾಕ್ಸಿನ ಮೇಲೆ ನಿಮ್ಮ ಕ್ಯಾಮೆರಾದ ಹೆಸರಿದ್ದರೆ ಸಾಲದು. ನಿಮ್ಮ ಲೆನ್ಸನ್ನೇ ಅಂಗಡಿಗೆ ಒಯ್ದು, ಹಾಕಿ, ಅಪರ್ಚರ್ ಬದಲಾಗುತ್ತದೆಯೇ ನೋಡಿ ದುಡ್ಡು ಕೊಡಿ. ಪ್ಲಾಸ್ಟಿಕ್ ಅಂಚಿನ ಟ್ಯೂಬಿಗೆ 50 ಮಿ.ಮೀ. ಲೆನ್ಸು ತೊಂದರೆಯಿಲ್ಲ, 70-300ರಂಥ ಭಾರದ ಲೆನ್ಸು ತೂಗಹಾಕಬೇಡಿ.

## ಹಂತ 2: ಹಾಕುವುದು, ತೆಗೆಯುವುದು

ಕ್ಯಾಮೆರಾ ಆಫ್ ಮಾಡಿ. ಮೊದಲು ಟ್ಯೂಬನ್ನು ಲೆನ್ಸಿಗೆ ಸೇರಿಸಿ, ಆಮೇಲೆ ಎರಡನ್ನೂ ಒಟ್ಟಿಗೆ ಕ್ಯಾಮೆರಾಕ್ಕೆ. ಹೀಗೆ ಮಾಡಿದರೆ ಸೆನ್ಸರ್ ತೆರೆದಿರುವುದು ಕೆಲವೇ ಸೆಕೆಂಡು. ಕ್ಯಾಮೆರಾದ ಬಾಯಿ ನೆಲದ ಕಡೆಗಿರಲಿ. ಪ್ರತಿ ಜೋಡಣೆಯಲ್ಲೂ 'ಟಕ್' ಎಂಬ ಸದ್ದು ಕೇಳಲೇಬೇಕು. ಮಲ್ಪೆ, ಪಣಂಬೂರಿನಂಥ ಕಡಲ ಬದಿಯಲ್ಲಿ ಈ ಕೆಲಸ ಬೇಡವೇ ಬೇಡ. ಉಪ್ಪುಗಾಳಿಯ ಜೊತೆ ಹಾರುವ ಹೊಯಿಗೆಯ ಒಂದು ಕಣ ಒಳಹೊಕ್ಕರೆ ಸಾಕು.

ತೆಗೆಯುವಾಗ ಎಚ್ಚರ. ಕ್ಯಾಮೆರಾದಲ್ಲೊಂದು, ಪ್ರತಿ ಟ್ಯೂಬಿನಲ್ಲೊಂದೊಂದು ಬಿಡಿಸುವ ಗುಂಡಿ ಇರುತ್ತದೆ. ಯಾವುದನ್ನು ಒತ್ತಿದ್ದೇವೆ ಎಂದು ನೋಡದೆ ತಿರುಗಿಸಿದರೆ ಕೈಗೆ ಒಂದು ಬರುತ್ತದೆ, ನೆಲಕ್ಕೆ ಇನ್ನೊಂದು. ನನ್ನ 50 ಮಿ.ಮೀ. ಲೆನ್ಸಿನ ಅಂಚಿನಲ್ಲಿ ಇವತ್ತಿಗೂ ಒಂದು ತಗ್ಗಿದೆ. ಮಣ್ಣಪಳ್ಳದ ಕೆರೆ ದಂಡೆಯ ಮುರಕಲ್ಲಿನ ಮೇಲೆ ಬಿದ್ದದ್ದು.

## ಹಂತ 3: ಸ್ಕೇಲಿನ ಪರೀಕ್ಷೆ

ಇದನ್ನು ಯಾರೂ ಮಾಡುವುದಿಲ್ಲ. ಮಾಡಿದವರು ಮತ್ತೆ ನನ್ನಲ್ಲಿ ಪ್ರಶ್ನೆ ಕೇಳಲು ಬಂದದ್ದೂ ಕಡಿಮೆ.

ಕಿಟಕಿ ಬಳಿಯ ಮೇಜಿನ ಮೇಲೆ ಸ್ಕೇಲು ಇಡಿ. ಅತಿ ಸಣ್ಣ ಟ್ಯೂಬ್ ಒಂದನ್ನೇ ಹಾಕಿ. ಲೆನ್ಸನ್ನು ಮ್ಯಾನುಯಲ್ ಫೋಕಸಿಗೆ ತಂದು, ಉಂಗುರವನ್ನು ಅತಿ ಹತ್ತಿರದ ಕೊನೆಗೆ ತಿರುಗಿಸಿ. ಈಗ ಉಂಗುರ ಮುಟ್ಟದೆ, ಗೆರೆಗಳು ಚೂಪಾಗಿ ಕಾಣುವವರೆಗೆ ನೀವೇ ಮುಂದೆ-ಹಿಂದೆ ಸರಿಯಿರಿ. ಕ್ಲಿಕ್ ಮಾಡಿ, ಚೌಕಟ್ಟಿನ ಅಗಲಕ್ಕೆ ಎಷ್ಟು ಮಿ.ಮೀ. ಬಂತು ಎಂದು ಎಣಿಸಿ. ಸೆನ್ಸರಿನ ಅಗಲವನ್ನು ಈ ಸಂಖ್ಯೆಯಿಂದ ಭಾಗಿಸಿದರೆ ನಿಮ್ಮ ವರ್ಧನೆ, ಅಂದರೆ ಸೆನ್ಸರಿನ ಮೇಲಿನ ಬಿಂಬ ನಿಜವಾದ ವಸ್ತುವಿನ ಎಷ್ಟು ಪಟ್ಟು ಎಂಬುದು, ಸಿಗುತ್ತದೆ. ಸೆನ್ಸರಿನ ಅಗಲ ದೊಡ್ಡ ಸೆನ್ಸರಿನ ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 36 ಮಿ.ಮೀ., ಅದಕ್ಕಿಂತ ಸಣ್ಣ ಸೆನ್ಸರಿನ ಎಪಿಎಸ್-ಸಿಯಲ್ಲಿ ಕೆನಾನ್ ಆದರೆ ಸುಮಾರು 22, ನಿಕಾನ್-ಸೋನಿ ಆದರೆ ಸುಮಾರು 23.5. ಉದಾಹರಣೆಗೆ, 22 ಮಿ.ಮೀ. ಸೆನ್ಸರಿನಲ್ಲಿ ಸ್ಕೇಲಿನ 44 ಮಿ.ಮೀ. ಕಂಡರೆ ವರ್ಧನೆ ಅರ್ಧ, ಅಂದರೆ 0.5.

ಲೆಕ್ಕದಲ್ಲೂ ಅಂದಾಜು ಮಾಡಬಹುದು: ಟ್ಯೂಬಿನ ಉದ್ದವನ್ನು ಲೆನ್ಸಿನ ಫೋಕಲ್ ಉದ್ದದಿಂದ ಭಾಗಿಸಿ, ಲೆನ್ಸಿಗೆ ಮೊದಲೇ ಇರುವ ಗರಿಷ್ಠ ವರ್ಧನೆಯನ್ನು ಕೂಡಿಸಿ. 50 ಮಿ.ಮೀ. ಲೆನ್ಸಿಗೆ 13 ಮಿ.ಮೀ. ಟ್ಯೂಬ್ 0.26 ಸೇರಿಸುತ್ತದೆ, 21 ಮಿ.ಮೀ. 0.42, 31 ಮಿ.ಮೀ. 0.62. ಮೂರೂ ಸೇರಿದ 65 ಮಿ.ಮೀ. 1.3. ಅದೇ 31ನ್ನು 300 ಮಿ.ಮೀ. ಲೆನ್ಸಿಗೆ ಹಾಕಿದರೆ ಸೇರುವುದು ಬರೀ 0.1. "ದೊಡ್ಡ ಲೆನ್ಸಿಗೆ ಹಾಕಿದರೆ ಏನೂ ಆಗಲಿಲ್ಲ" ಎಂಬ ದೂರಿಗೆ ಉತ್ತರ ಇಲ್ಲಿದೆ.

ತಿರುಗುಮುರುಗು ತಪ್ಪೂ ಉಂಟು. 18-55 ಲೆನ್ಸನ್ನು 18ರಲ್ಲಿಟ್ಟು 21 ಮಿ.ಮೀ. ಟ್ಯೂಬ್ ಹಾಕಿದರೆ ಫೋಕಸ್ ಬೀಳುವ ಜಾಗ ಲೆನ್ಸಿನ ಗಾಜಿಗೇ ಅಂಟಿಕೊಂಡಷ್ಟು ಹತ್ತಿರ. ಏನೂ ಕಾಣುವುದಿಲ್ಲ. 55ರಲ್ಲೇ ಇಟ್ಟು ಕೆಲಸ ಮಾಡಿ. ಫೋಕಸ್ ಆದ ಮೇಲೆ ಜೂಮ್ ಮುಟ್ಟಬೇಡಿ, ಟ್ಯೂಬ್ ಇರುವಾಗ ಜೂಮ್ ತಿರುಗಿಸಿದರೆ ಫೋಕಸ್ ಎಲ್ಲಿಗೋ ಹೋಗುತ್ತದೆ. ಇನ್ನು ದೂರದ ತೆಂಗಿನ ಮರ ಮಬ್ಬಾಗಿ ಕಂಡರೆ ಟ್ಯೂಬ್ ಹಾಳಾಗಿದೆ ಎಂದು ಅಂಗಡಿಗೆ ಓಡಬೇಡಿ. ಟ್ಯೂಬ್ ಇರುವಷ್ಟು ಹೊತ್ತು ದೂರದ್ದು ಕಾಣುವುದೇ ಇಲ್ಲ.

ಪ್ರತಿ ಟ್ಯೂಬಿಗೂ ಈ ಪರೀಕ್ಷೆ ಮಾಡಿ, ಎಷ್ಟು ಮಿ.ಮೀ. ಬಂತು ಎಂದು ಟ್ಯೂಬಿನ ಮೇಲೆಯೇ ಸಣ್ಣ ಚೀಟಿ ಅಂಟಿಸಿ. ಮುಜಂಟಿ (ಕುಟುಕದ ಪುಟ್ಟ) ಜೇನು ನಾಲ್ಕು ಮಿ.ಮೀ., ಚಗಳಿ ಎಂಟು-ಹತ್ತು, ದಾಸವಾಳ ಅಂಗೈ ಅಗಲ. ಯಾವುದಕ್ಕೆ ಯಾವ ಟ್ಯೂಬ್ ಎಂದು ಆಮೇಲೆ ತೋಟದಲ್ಲಿ ತಲೆಕೆರೆದುಕೊಳ್ಳಬೇಕಾಗಿಲ್ಲ.

## ಹಂತ 4: ಅಪರ್ಚರ್, ಮತ್ತು ಅದರ ಮೋಸ

ಇಲ್ಲಿ ಸ್ವಲ್ಪ ನಿಧಾನಿಸಿ.

ಮೊದಲ ಸಂಗತಿ, ಲೆನ್ಸು ದೂರವಾದಂತೆ ಸೆನ್ಸರಿಗೆ ತಲುಪುವ ಬೆಳಕು ಕಡಿಮೆಯಾಗುತ್ತದೆ. ಕ್ಯಾಮೆರಾ ಎಫ್/8 ಎಂದು ತೋರಿಸುತ್ತಿದ್ದರೂ, ವರ್ಧನೆ 1 ಆಗಿದ್ದಾಗ ಅದು ಕೆಲಸ ಮಾಡುವುದು ಎಫ್/16ರಂತೆ. ಬೆಳಕು ಕಾಲು ಭಾಗ. ಟ್ಯೂಬ್ ಹಾಕುವ ಮುಂಚಿನ ಸೆಟ್ಟಿಂಗನ್ನೇ ಇಟ್ಟುಕೊಂಡರೆ ಚಿತ್ರ ಕಪ್ಪಾಗದೆ ಇನ್ನೇನು?

ಎರಡನೆಯದು, ಸ್ಪಷ್ಟವಾಗಿ ಕಾಣುವ ಪದರ ನಂಬಲಾಗದಷ್ಟು ತೆಳು. ಎಪಿಎಸ್-ಸಿ ಕ್ಯಾಮೆರಾದಲ್ಲಿ ಎಫ್/8 ಇಟ್ಟರೆ, ವರ್ಧನೆ 0.5ರಲ್ಲಿ ಸುಮಾರು 2 ಮಿ.ಮೀ. ಸಿಗುತ್ತದೆ. ವರ್ಧನೆ 1ಕ್ಕೆ ಏರಿಸಿದರೆ ಅರ್ಧ ಮಿ.ಮೀ.ಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಇರುವೆಯ ಮೀಸೆ ಮಾತ್ರ ಸರಿ ಬಂದದ್ದು ಏಕೆಂದು ಈಗ ಗೊತ್ತಾಯಿತಲ್ಲ.

ಇದನ್ನು ಓದಿದ ಕೂಡಲೇ ಎಲ್ಲರೂ ಮಾಡುವ ತಪ್ಪು ಎಫ್/22ಕ್ಕೆ ಹೋಗುವುದು. ವರ್ಧನೆ 1ರಲ್ಲಿ ಅದು ಎಫ್/44ರಷ್ಟಾಗುತ್ತದೆ. ಅಷ್ಟು ಸಣ್ಣ ಕಿಂಡಿಯಲ್ಲಿ ಬೆಳಕು ಅಂಚಿಗೆ ತಾಗಿ ಚದುರಿ, ಇಡೀ ಚಿತ್ರವೇ ಮೇಣ ಸವರಿದಂತೆ ಮೆತ್ತಗಾಗುತ್ತದೆ. ನನ್ನ ತೀರ್ಮಾನ: ಎಫ್/8ರಿಂದ ಶುರುಮಾಡಿ, ಎಫ್/11 ದಾಟಬೇಡಿ. ಪದರ ಹೆಚ್ಚು ಬೇಕಿದ್ದರೆ ಸಣ್ಣ ಟ್ಯೂಬ್ ಹಾಕಿ ಚಿತ್ರವನ್ನು ಆಮೇಲೆ ಕತ್ತರಿಸಿ.

ಫ್ಲ್ಯಾಶ್ ಇದ್ದರೆ ಎಲ್ಲವನ್ನೂ ನೀವೇ ಹೊಂದಿಸುವ ಎಂ ಮೋಡ್, 1/200 ಸೆಕೆಂಡು, ಎಫ್/8, ಸೆನ್ಸರಿನ ಬೆಳಕಿನ ಸಂವೇದನೆಯಾದ ಐಎಸ್‌ಒ 200ರಿಂದ 400. ಫ್ಲ್ಯಾಶ್ ಇಲ್ಲದೆ ಕೈಯಲ್ಲೇ ಹಿಡಿದು ತೆಗೆಯುವುದಾದರೆ 1/250ಕ್ಕಿಂತ ಕೆಳಗೆ ಇಳಿಯಬೇಡಿ, ಐಎಸ್‌ಒ 1600 ಆದರೂ ಸರಿ. ಕಾಳುಕಾಳು ಚಿತ್ರ ಅಲುಗಿದ ಚಿತ್ರಕ್ಕಿಂತ ವಾಸಿ.

## ಹಂತ 5: ಫೋಕಸ್ ಮಾಡುವುದು ಕೈಯಲ್ಲಲ್ಲ, ಸೊಂಟದಲ್ಲಿ

ಆಟೋಫೋಕಸ್ ಮರೆತುಬಿಡಿ. ಲೆನ್ಸು ಗುರ್ರ್ ಎಂದು ಆ ಕೊನೆಯಿಂದ ಈ ಕೊನೆಗೆ ಓಡಾಡುತ್ತದೆಯೇ ಹೊರತು ಎಲ್ಲಿಯೂ ನಿಲ್ಲುವುದಿಲ್ಲ. ಸ್ಕೇಲಿನಲ್ಲಿ ಮಾಡಿದಂತೆಯೇ ಉಂಗುರವನ್ನು ಒಂದು ಕಡೆ ನಿಲ್ಲಿಸಿ, ದೇಹವನ್ನು ಮುಂದಕ್ಕೆ ಒಯ್ಯಿರಿ.

ಮೊಣಕೈ ಎರಡನ್ನೂ ಮೊಣಕಾಲಿಗೋ ಅಕ್ಕಿ ಚೀಲಕ್ಕೋ ಊರಿ. ಅರ್ಧ ಉಸಿರು ಬಿಟ್ಟು ತಡೆಯಿರಿ. ಸೊಂಟದಿಂದ ಮೇಲಿನ ಭಾಗ ಮಾತ್ರ ಮುಂದಕ್ಕೆ ಬಾಗಲಿ. ಹುಳದ ಕಣ್ಣು ಚೂಪಾಗಿ ಕಾಣುವ ಕ್ಷಣಕ್ಕಿಂತ ಕೂದಲೆಳೆ ಮೊದಲು ಒತ್ತಲು ಶುರುಮಾಡಿ, ಮುಂದೆ ಸಾಗುತ್ತಲೇ ಮೂರ್ನಾಲ್ಕು ಕ್ಲಿಕ್ ಮಾಡಿ. ಹತ್ತರಲ್ಲಿ ಒಂದು ಸರಿ ಬಂದರೆ ಒಳ್ಳೆಯ ದಿನ. ನನಗೆ ಈಗಲೂ ಅಷ್ಟೇ.

ಟ್ರೈಪಾಡ್ ಇದ್ದರೆ ಲೈವ್ ವ್ಯೂ (ಹಿಂಬದಿಯ ಪರದೆಯಲ್ಲಿ ಕಾಣುವ ನೇರ ನೋಟ) ಹತ್ತು ಪಟ್ಟು ಹಿಗ್ಗಿಸಿ ನೋಡಬಹುದು. ಹೂವಿಗೆ ಇದು ಅನುಕೂಲ. ಹುಳಕ್ಕೆ ಟ್ರೈಪಾಡ್ ಬಿಚ್ಚುವಷ್ಟರಲ್ಲಿ ಹುಳ ಪಕ್ಕದ ಮನೆಯ ಕಂಪೌಂಡು ದಾಟಿರುತ್ತದೆ.

ಇನ್ನೊಂದು ಗುಟ್ಟು: ತೆಳು ಪದರವನ್ನು ಹುಳದ ಉದ್ದಕ್ಕೆ ಸಮಾನಾಂತರವಾಗಿ ಕೂರಿಸಿ. ಬದಿಯಿಂದ, ಸೆನ್ಸರ್ ಮತ್ತು ಹುಳದ ಮೈ ಎದುರುಬದುರಾಗುವಂತೆ ನಿಂತರೆ ಅದೇ ಎಫ್/8ರಲ್ಲಿ ತಲೆಯಿಂದ ಬಾಲದವರೆಗೆ ಸಿಗುತ್ತದೆ. ಎದುರಿನಿಂದ ತೆಗೆದರೆ ಕಣ್ಣು ಮಾತ್ರ. ಎರಡೂ ಬೇಕಿದ್ದರೆ ಎರಡು ಚಿತ್ರ ತೆಗೆಯಿರಿ.

## ಹಂತ 6: ಬೆಳಕು

ಕ್ಯಾಮೆರಾದ ಮೇಲೆಯೇ ಏಳುವ ಸಣ್ಣ ಫ್ಲ್ಯಾಶ್ ಇಲ್ಲಿ ಉಪಯೋಗವಿಲ್ಲ. ಉದ್ದವಾದ ಲೆನ್ಸು ಅಡ್ಡ ಬಂದು ಚಿತ್ರದ ಕೆಳಭಾಗದಲ್ಲಿ ಅರ್ಧಚಂದ್ರದಂಥ ಕಪ್ಪು ನೆರಳು ಬೀಳುತ್ತದೆ. ಹಾಗೆ ಕಂಡರೆ ಬೇರೇನೂ ಹುಡುಕಬೇಡಿ, ಕಾರಣ ಅದೇ.

ಹೊರಗಿನ ಫ್ಲ್ಯಾಶನ್ನು ಮ್ಯಾನುಯಲ್‌ನಲ್ಲಿ 1/16 ಶಕ್ತಿಗೆ ಇಡಿ. ಅಷ್ಟು ಕಡಿಮೆ ಶಕ್ತಿಯಲ್ಲಿ ಅದು ಸೆಕೆಂಡಿನ ಹಲವು ಸಾವಿರದ ಒಂದು ಪಾಲಿನಷ್ಟು ಹೊತ್ತು ಮಾತ್ರ ಬೆಳಗುವುದರಿಂದ ಕೈ ನಡುಕವೂ ಗಾಳಿಯೂ ಚಿತ್ರದಲ್ಲಿ ಕಾಣುವುದಿಲ್ಲ. ಆದರೆ ಬರಿ ಫ್ಲ್ಯಾಶ್ ಹೊಡೆದರೆ ಹುಳದ ಬೆನ್ನಿನ ಮೇಲೆ ಬಿಳಿ ಚುಕ್ಕೆ ಎದ್ದು ಕಾಣುತ್ತದೆ. ಜೀರುಂಡೆಯ ಬೆನ್ನು ಸ್ಟೀಲ್ ಲೋಟದಂತೆ ಹೊಳೆಯುತ್ತದೆ. ಬಟರ್ ಪೇಪರನ್ನು ಎರಡು ಪದರ ಮಾಡಿ, ತೆಳು ರಟ್ಟಿನ ಚೌಕಟ್ಟಿಗೆ ಅಂಟಿಸಿ, ಫ್ಲ್ಯಾಶಿನಿಂದ ಲೆನ್ಸಿನ ತುದಿಯವರೆಗೆ ಮಾಡಿನಂತೆ ಇಳಿಬಿಡಿ. ಕಾಗದ ಹುಳಕ್ಕೆ ಹತ್ತಿರವಾದಷ್ಟೂ ನೆರಳು ಮೆದುವಾಗುತ್ತದೆ. ಮೊದಲ ಪ್ರಯೋಗಕ್ಕೆ ಅಡುಗೆಮನೆಯ ಒಂದು ಸಾಸಿವೆ ಕಾಳು ಸಾಕು. ಅದರ ಮೇಲಿನ ಹೊಳಪು ಚುಕ್ಕೆಯಂತೆ ಬಂದರೆ ಕಾಗದ ದೊಡ್ಡದಾಗಬೇಕು, ಮೋಡದಂತೆ ಹರಡಿದರೆ ಸರಿಯಾಯಿತು.

ಹಿನ್ನೆಲೆ ಮಸಿಯಂತೆ ಕಪ್ಪಾಗಿ ಬರುತ್ತದೆಯೇ? ಫ್ಲ್ಯಾಶಿನ ಬೆಳಕು ಅಷ್ಟು ದೂರ ಹೋಗುವುದಿಲ್ಲ. ಹುಳದ ಹಿಂದೆ ಒಂದು ಗೇಣು ದೂರದಲ್ಲಿ ಹಸಿರೆಲೆ ಇರುವ ಕೋನ ಹುಡುಕಿ, ಇಲ್ಲವೇ ಬಟ್ಟೆ ಕ್ಲಿಪ್ಪಿನಲ್ಲಿ ಒಂದು ಬಾಳೆಲೆ ತುಂಡು ಸಿಕ್ಕಿಸಿ.

## ಹಂತ 7: ಮೊದಲು ಹೂವು

ಎರಡು ವಾರ ಹೂವು ಮಾತ್ರ. ತುಳಸಿಕಟ್ಟೆಯೇ ಒಳ್ಳೆಯ ಶಾಲೆ: ತುಳಸಿಯ ಹೂವು ಕೆಲವೇ ಮಿ.ಮೀ., ಬೆನ್ನಿಗೇ ಮುಜಂಟಿ ಜೇನೂ ಬರುತ್ತದೆ. ತುಂಬೆ, ಮುಟ್ಟಿದರೆ ಮುನಿ, ಕೇಪಳ ಎಲ್ಲ ಕೈಯಳತೆಯಲ್ಲೇ ಇವೆ.

ಗಾಳಿಗೆ ಅಲುಗುವ ದಂಟಿನ ಪಕ್ಕ ಹಿಡಿಸೂಡಿ ಕಡ್ಡಿ ಊರಿ, ಹೂವಿನ ಒಂದು ಗೇಣು ಕೆಳಗೆ ಕ್ಲಿಪ್ಪು ಹಾಕಿ. ಕರಾವಳಿಯಲ್ಲಿ ಹೊತ್ತು ಏರಿದಂತೆ ಕಡಲಗಾಳಿ ಬೀಸಲು ಶುರುವಾಗುತ್ತದೆ. ಬೆಳಿಗ್ಗೆ ಆರೂವರೆಯಿಂದ ಒಂಬತ್ತರೊಳಗೆ ಕೆಲಸ ಮುಗಿಸಿ.

ಶಂಕರಪುರ ಮಲ್ಲಿಗೆಯಂಥ ಬಿಳಿ ಹೂವಿನಲ್ಲಿ ಎಸಳಿನ ಗೆರೆಗಳು ಮಾಯವಾಗಿ ಬರೀ ಬಿಳುಪು ಉಳಿದರೆ ಫ್ಲ್ಯಾಶ್ ಶಕ್ತಿ ಅರ್ಧಕ್ಕೆ ಇಳಿಸಿ. ಕೆಂಪು ದಾಸವಾಳ, ಕೇಪಳ ಇನ್ನೂ ಕಪಟಿಗಳು. ಸಾಮಾನ್ಯ ಹಿಸ್ಟೋಗ್ರಾಮ್ (ಚಿತ್ರದಲ್ಲಿ ಕಪ್ಪಿನಿಂದ ಬಿಳುಪಿನವರೆಗೆ ಬೆಳಕು ಹೇಗೆ ಹಂಚಿದೆ ಎಂದು ತೋರಿಸುವ ನಕ್ಷೆ) ಸರಿಯಿದ್ದರೂ ಕೆಂಪು ಮಾತ್ರ ತುಂಬಿ ಚೆಲ್ಲಿರುತ್ತದೆ. ಮೂರು ಬಣ್ಣ ಬೇರೆ ಬೇರೆ ತೋರಿಸುವ ಹಿಸ್ಟೋಗ್ರಾಮ್ ನೋಡಿ. ಬದನೆ ಜಾತಿಯ ನೇರಳೆ ಹೂವು ಸಿಕ್ಕರೆ ಬಿಡಬೇಡಿ. ಮಳೆಗಾಲ ಕಳೆದ ಮೇಲೆ ಕಟಪಾಡಿ ಹತ್ತಿರದ ಮಟ್ಟು ಗುಳ್ಳ ಬದನೆಯ ಗದ್ದೆಗೆ, ಗದ್ದೆಯವರನ್ನು ಕೇಳಿಕೊಂಡೇ, ಹೋಗಿ. ಆ ಹಳದಿ ಕೇಸರಗಳನ್ನು ಹಿಡಿದು ಮೈ ನಡುಗಿಸಿ ಪರಾಗ ಉದುರಿಸಲು ನೀಲಿ ಪಟ್ಟೆಯ ಜೇನು ಬರುತ್ತದೆ.

ಮಳೆ ಇಳಿಮುಖವಾದಾಗ ಪದವುಗಳ (ಮುರಕಲ್ಲಿನ ಎತ್ತರದ ಬಯಲುಗಳ) ಮೇಲೆ ಹಾಸಿದಂತೆ ಅರಳುವ ನೀಲಿ ಯುಟ್ರಿಕುಲೇರಿಯಾ ನೆಲಮಟ್ಟದ ಹೂವು. ಹಾಳೆ ಹಾಸಿ ಮಲಗಿಯೇ ತೆಗೆಯಬೇಕು. ಮಲಗುವ ಮೊದಲು ಕೆಳಗೆ ಏನು ಚಪ್ಪಟೆಯಾಗುತ್ತಿದೆ ನೋಡಿ.

## ಹಂತ 8: ಈಗ ಹುಳ

ಓಡುವ ಹುಳ ಬೇಡ, ಮಲಗಿದ್ದು ಹುಡುಕಿ. ನೀಲಿ ಪಟ್ಟೆಯ ಗಂಡು ಜೇನುಗಳು ಸಂಜೆ ಒಣಕಡ್ಡಿಗೆ ಸಾಲಾಗಿ ಬಂದು, ದವಡೆಯಿಂದ ಕಡ್ಡಿ ಕಚ್ಚಿ ಹಿಡಿದು ನಿದ್ದೆ ಮಾಡುತ್ತವೆ. ಇವತ್ತು ಸಂಜೆ ಕಂಡ ಕಡ್ಡಿಗೆ ನಾಳೆ ನಸುಕಿನಲ್ಲಿ ಹೋಗಿ. ಡಿಸೆಂಬರ್-ಜನವರಿಯಲ್ಲಿ ಇಬ್ಬನಿಯೂ ಸಿಕ್ಕೀತು. ಏರೋಪ್ಲೇನ್ ಚಿಟ್ಟೆಗಳೂ ಬಿಸಿಲು ತಾಗುವವರೆಗೆ ಅಲುಗುವುದಿಲ್ಲ.

50 ಮಿ.ಮೀ. ಲೆನ್ಸಿನಲ್ಲಿ ವರ್ಧನೆ 1 ಬೇಕಿದ್ದರೆ ಹುಳಕ್ಕೂ ಲೆನ್ಸಿಗೂ ನಡುವೆ ಕೆಲವೇ ಬೆರಳು ಅಂತರ. ನಿಮ್ಮ ನೆರಳು ಅದರ ಮೇಲೆ ಬೀಳದ ಕಡೆಯಿಂದ, ಎಲೆ ತಾಗಿಸದೆ, ಆಮೆಯ ವೇಗದಲ್ಲಿ ಹೋಗಿ. ಮೀಸೆ ನಿಮ್ಮ ಕಡೆ ತಿರುಗಿದರೆ ನಿಲ್ಲಿ. ಅದು ಮತ್ತೆ ತನ್ನ ಕೆಲಸ ಹಿಡಿದ ಮೇಲೆ ಮುಂದುವರಿಯಿರಿ. ಮೊದಲ ಚಿತ್ರವನ್ನು ದೂರದಿಂದಲೇ ತೆಗೆದಿಟ್ಟುಕೊಳ್ಳಿ. ಚಿಟ್ಟೆಗಳಿಗೆ ಈ ಜೋಡಿ ಸರಿಹೋಗುವುದಿಲ್ಲ. ಗಟ್ಟಿ ಲೋಹದ ಅಂಚಿನ ಟ್ಯೂಬನ್ನು 70-300ಕ್ಕೆ ಹಾಕಿ ಮಾರು ದೂರದಿಂದ ತೆಗೆಯುವುದೇ ಲೇಸು.

ಚಗಳಿ ಗೂಡಿನ ಬಳಿ ನಿಧಾನವಾಗಿ ನೋಡಿದರೆ ಗುಂಪಿನಿಂದ ಸ್ವಲ್ಪ ದೂರದಲ್ಲಿ ಒಂಟಿಯಾಗಿ ಓಡಾಡುವ ಒಂದು 'ಇರುವೆ' ಕಾಣಬಹುದು. ಕಾಲು ಎಣಿಸಿ. ಎಂಟಿದ್ದರೆ ಅದು ಚಗಳಿಯ ವೇಷ ಹಾಕಿದ ಜೇಡ. ನಿಮ್ಮ ಫೋಕಸ್ ಸುಧಾರಿಸಿದೆಯೇ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪರೀಕ್ಷೆಯಿಲ್ಲ.

ಹುಳವನ್ನು ಫ್ರಿಜ್ಜಿನಲ್ಲಿಟ್ಟು ಮಂಪರು ಬರಿಸುವುದು, ಗೋಂದಿನಲ್ಲಿ ಅಂಟಿಸುವುದು ಇವೆಲ್ಲ ನಮ್ಮ ಗುಂಪಿನಲ್ಲಿ ನಡೆಯುವುದಿಲ್ಲ. ಪೊರೆ ಕಳಚುತ್ತಿರುವ ಹುಳವನ್ನು ಮುಟ್ಟಲೇಬೇಡಿ. ಮುಟ್ಟಿದರೆ ರೆಕ್ಕೆ ಸೊಟ್ಟಗಾಗಿ ಸಾಯುತ್ತದೆ. ಸೋಮೇಶ್ವರ, ಕುದುರೆಮುಖದ ಕಡೆ ಅರಣ್ಯ ಇಲಾಖೆಯ ಅನುಮತಿ ಬೇಕು. ಉಂಬಳಕ್ಕೆ ಉಪ್ಪಿನ ಪೊಟ್ಟಣ, ಕಾಲಿಗೆ ಗಂಬೂಟು, ಕೈಯಲ್ಲೊಂದು ಕೋಲು. ಲೆನ್ಸಿನೊಳಗೆ ಕಣ್ಣಿಟ್ಟವನಿಗೆ ಪಕ್ಕದ ಕನ್ನಡಿ ಹಾವು ಕಾಣುವುದಿಲ್ಲ, ಆದ್ದರಿಂದ ಕೂರುವ ಮೊದಲು ತರಗೆಲೆ ಕೆದಕಿ ನೋಡಿ. ಬೇಸಿಗೆಯಲ್ಲಿ ಕಾಡಿನಂಚಿನಿಂದ ಬಂದ ಮೇಲೆ ಮೈಯಲ್ಲಿ ಉಣ್ಣಿ ಇದೆಯೇ ಹುಡುಕಿ, ಬಟ್ಟೆಯನ್ನು ಬಿಸಿನೀರಿಗೆ ಹಾಕಿ. ಮಂಗನ ಕಾಯಿಲೆ ಹರಡುವುದು ಉಣ್ಣಿಯಿಂದಲೇ.

## ಮನೆಗೆ ಬಂದ ಮೇಲೆ

ವರ್ಷಕ್ಕೆ 3000 ಮಿ.ಮೀ. ಮೀರಿ ಮಳೆ ಸುರಿಯುವ ಊರು ನಮ್ಮದು. ಗಾಜಿಲ್ಲದ ಟ್ಯೂಬಿಗೆ ಬೂಸಲು ಹಿಡಿಯುವುದಿಲ್ಲ ಎಂದು ಮೇಜಿನ ಮೇಲೆ ಬಿಟ್ಟರೆ, ಅದರ ಒಳಗೋಡೆಯ ತೇವ ಮುಂದಿನ ಸಲ ಲೆನ್ಸಿಗೆ ದಾಟುತ್ತದೆ. ಸಂಪರ್ಕದ ಚುಕ್ಕಿಗಳನ್ನು ಒಣ ಮೆದು ಬಟ್ಟೆಯಲ್ಲಿ ಒರೆಸಿ. ಎರಡೂ ಕಡೆ ಮುಚ್ಚಳ ಹಾಕಿ, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಜೆಲ್ ಬಣ್ಣ ಬದಲಾಯಿಸಿತೆಂದರೆ ತೇವ ಕುಡಿದಿದೆ ಎಂದರ್ಥ. ಎಸಿ ಕಾರಿನಿಂದ ಇಳಿದ ಕೂಡಲೇ ಚೀಲ ತೆರೆಯಬೇಡಿ, ಲೆನ್ಸಿಗೂ ಟ್ಯೂಬಿನೊಳಗೂ ಆವಿ ಕಟ್ಟುತ್ತದೆ. ಚೀಲ ಮುಚ್ಚಿಯೇ ಇರಲಿ, ಇಪ್ಪತ್ತು ನಿಮಿಷ ಕಾಯಿರಿ. ಅಷ್ಟರಲ್ಲಿ ಹತ್ತಿರದ ಹೋಟೆಲಿನಲ್ಲಿ ಒಂದು ಪ್ಲೇಟ್ ಗೋಳಿಬಜೆ ಮುಗಿಯುತ್ತದೆ. ಎಣ್ಣೆ ಕೈ ತೊಳೆದೇ ಟ್ಯೂಬ್ ಮುಟ್ಟಿ.